ಕಾರು ಹೊಳೆಯುತ್ತದೆ, ರಸ್ತೆ ಕಾಣುವುದಿಲ್ಲ

ಡಿಸೆಂಬರ್ ಸಂಜೆ, ಐದೂಕಾಲರ ಹೊತ್ತು. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕಾರೊಂದು ಮದ್ದೂರು ದಾಟುತ್ತಿದೆ. ಆ ಹೆದ್ದಾರಿ ಸಾಗುವುದು ನೈರುತ್ಯಕ್ಕೆ. ಚಳಿಗಾಲದಲ್ಲಿ ಸೂರ್ಯ ಇಳಿಯುವುದೂ ನೇರ ಪಶ್ಚಿಮಕ್ಕಲ್ಲ, ನೈರುತ್ಯದ ಕಡೆಗೆ ವಾಲಿಕೊಂಡು. ಹಾಗಾಗಿ ಇಳಿಬಿಸಿಲು ಚಾಲಕನ ಮುಖಕ್ಕೇ ಬಂದು ಬಡಿಯುತ್ತದೆ. ಬಿಡದಿಯವರೆಗೂ ತಿಳಿಯಾಗಿಯೇ ಇದ್ದ ಮುಂದಿನ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಹೋದ ವಾರ ಒರೆಸಿದ ಬಟ್ಟೆಯ ಸುರುಳಿ ಗೆರೆ, ವೈಪರ್ ಎಳೆದ ಕಮಾನು, ಅಪ್ಪಚ್ಚಿಯಾದ ಹುಳದ ಕಲೆ, ಮಗು ಒಳಗಿನಿಂದ ಒತ್ತಿದ ಅಂಗೈ ಗುರುತು ಎಲ್ಲವೂ ಒಟ್ಟಿಗೇ ಎದ್ದು ನಿಲ್ಲುತ್ತವೆ. ಮುಂದಿರುವ ಲಾರಿಯೊಂದು ಮಾತ್ರ ಕಾಣುವುದಿಲ್ಲ. ಆ ರಸ್ತೆಯಲ್ಲಿ ಕಾರಿಗಿರುವ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಕಿರಿದು ಮಾಡಿ, ಮೇಲಿನ ವೈಸರ್ ಎಳೆದು, ತಲೆ ಓರೆ ಮಾಡಿ ದಾರಿ ಹುಡುಕುವಷ್ಟರಲ್ಲಿ ನೂರು ಮೀಟರ್ ಕಣ್ಣು ಮುಚ್ಚಿಕೊಂಡೇ ಕಳೆದಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಗಾಜು ಒರೆಸುವುದು ಅಲಂಕಾರದ ಕೆಲಸವೆಂದೇ ಹೆಚ್ಚಿನವರ ಎಣಿಕೆ. ಬ್ರೇಕ್ ಸವೆದರೆ ಮೆಕ್ಯಾನಿಕ್ ಬಳಿ ಓಡುತ್ತಾರೆ, ಟೈರಿನ ಗಾಳಿ ಇಳಿದರೆ ಬಂಕ್ ಹುಡುಕುತ್ತಾರೆ. ಗಾಜು ಮಸುಕಾದರೆ ಮಾತ್ರ ‘ಭಾನುವಾರ ನೋಡೋಣ’. ಈ ಲೆಕ್ಕ ತಪ್ಪು. ಮುಂದಿನ ಗಾಜಿನ ಶುಚಿ ಬ್ರೇಕು, ಟೈರುಗಳ ಸಾಲಿಗೇ ಸೇರಬೇಕಾದ ಸುರಕ್ಷತೆಯ ವಿಷಯ. ಅದಕ್ಕೆ ಬೇಕಾದ ಕೆಲಸವೆಲ್ಲ ಮನೆಯ ಅಂಗಳದಲ್ಲಿ, ಸ್ವಲ್ಪ ನೀರು ಮತ್ತು ಎರಡು ಶುದ್ಧ ಬಟ್ಟೆಯಲ್ಲಿ ಮುಗಿಯುತ್ತದೆ. ಅಷ್ಟು ಸುಲಭವಾದದ್ದಕ್ಕೇ ಬಹುಶಃ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸರ್ಕಾರವೂ ತೆಗೆದುಕೊಂಡಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾದವು, 1,68,491 ಜನ ಸತ್ತರು. ಆ ವರದಿ ಅಪಘಾತಗಳನ್ನು ಸಂಚಾರ ನಿಯಮ ಉಲ್ಲಂಘನೆಯ ಬಗೆಗಳ ಪ್ರಕಾರ ವಿಂಗಡಿಸುತ್ತದೆ: ಅತಿವೇಗ, ಕುಡಿದು ಓಡಿಸಿದ್ದು, ವಿರುದ್ಧ ದಿಕ್ಕಿನಲ್ಲಿ ಬಂದದ್ದು, ಕೆಂಪು ದೀಪ ದಾಟಿದ್ದು, ಮೊಬೈಲ್ ಹಿಡಿದದ್ದು. ಉಳಿದದ್ದೆಲ್ಲ ‘ಇತರೆ’. ಗಾಜು ಕೊಳೆಯಾಗಿ ಎದುರಿನದು ಕಾಣದೆ ಆದ ಅಪಘಾತವಿದ್ದರೆ ಅದಕ್ಕೊಂದು ಪ್ರತ್ಯೇಕ ಅಂಕಣವಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು, ಎದುರಿನ ಲಾರಿಯ ಹೈಬೀಮ್ ಕಣ್ಣು ಕುಕ್ಕಿತು ಎಂದು ಬದುಕಿ ಉಳಿದವರು ಹೇಳುವುದುಂಟು. ಬಿಸಿಲೂ ಹೈಬೀಮೂ ಗಾಜನ್ನು ದಾಟಿಯೇ ಕಣ್ಣಿಗೆ ಬಂದವು ಎಂಬುದನ್ನು ಕೇಳುವವರಿಲ್ಲ.

ಹಾಗೆಂದು ಕಾನೂನಿಗೆ ಕಾರಿನ ಗಾಜಿನ ಬಗ್ಗೆ ಆಸಕ್ತಿಯೇ ಇಲ್ಲವೆಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವು ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳಲ್ಲಿ ಶೇ 50ರಷ್ಟು ಬೆಳಕು ಹಾಯಬೇಕು ಎನ್ನುತ್ತದೆ. ಇದೇ ನಿಯಮದ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಕಾರುಗಳ ಕಪ್ಪು ಫಿಲ್ಮ್ ತೆಗೆಸಿತು. ಆ ಬೇಸಿಗೆಯಲ್ಲಿ ಊರೂರಿನ ಪೊಲೀಸರು ರಸ್ತೆಬದಿ ನಿಂತು ಫಿಲ್ಮ್ ಸುಲಿದದ್ದು ಹಲವರಿಗೆ ನೆನಪಿರಬಹುದು. ಆದರೆ ಕೊಳೆಯ ಸ್ವಭಾವ ಫಿಲ್ಮಿನದಲ್ಲ. ಕಪ್ಪು ಫಿಲ್ಮ್ ಬೆಳಕನ್ನು ನುಂಗುತ್ತದೆ, ಜಿಡ್ಡಿನ ಪದರ ಬೆಳಕನ್ನು ಚೆದುರಿಸುತ್ತದೆ. ಮೀಟರ್ ಹಿಡಿದು ಅಳೆದರೆ ಜಿಡ್ಡು ಕೂತ ಗಾಜೂ ಶೇ 70ರ ಪರೀಕ್ಷೆ ಗೆಲ್ಲಬಹುದು. ಅದೇ ಗಾಜು ರಾತ್ರಿ ಎದುರಿನ ಒಂದು ಹೆಡ್‌ಲೈಟನ್ನು ಗಾಜಿನ ತುಂಬ ಹರಡಿ, ಅದರ ಹಿಂದೆ ರಸ್ತೆ ದಾಟುತ್ತಿರುವ ಮನುಷ್ಯನನ್ನು ಅಳಿಸಿಬಿಡುತ್ತದೆ. ಕಣ್ಣಿನ ಮಸೂರವೂ ವಯಸ್ಸಾದಂತೆ ಬೆಳಕನ್ನು ಹೀಗೇ ಚೆದುರಿಸತೊಡಗುತ್ತದೆ. ಪೊರೆ ಶುರುವಾದ ಅರವತ್ತರ ಕಣ್ಣಿಗೆ ಮಂಕು ಗಾಜು ಜೊತೆಯಾದರೆ ತೊಂದರೆ ಎರಡು ಪಟ್ಟು.

ಕೊಳೆ ಎಂದರೆ ಒಂದೇ ಬಗೆಯದಲ್ಲ. ಅದು ಊರಿಂದ ಊರಿಗೆ ಬದಲಾಗುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರಿನ ಕೆಂಪು ದೂಳು. ಕರಾವಳಿಯಲ್ಲಿ ಗಾಳಿಯೊಂದಿಗೆ ಬರುವ ಉಪ್ಪಿನ ತೇವ. ಮಲೆನಾಡಿನ ಸಂಜೆಯಲ್ಲಿ ದೀಪಕ್ಕೆ ಮುತ್ತುವ ಹುಳಗಳು. ಬೆಂಗಳೂರಿನಲ್ಲಿ ಡೀಸೆಲ್ ಹೊಗೆಯ ಮಸಿ, ಮುಗಿಯದ ಕಾಮಗಾರಿಗಳ ಸಿಮೆಂಟ್ ದೂಳು, ಯುಗಾದಿಯ ಆಸುಪಾಸಿನಲ್ಲಿ ಉದುರುವ ಹೊಂಗೆ ಹೂವು. ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಸಣ್ಣ ಸಣ್ಣ ಅಂಟು ಹನಿ ಬೀಳುವುದನ್ನು ಜನ ಮರದ ಹಾಲೆಂದು ತಿಳಿಯುತ್ತಾರೆ. ಎಷ್ಟೋ ಸಲ ಅದು ಎಲೆಯ ರಸ ಹೀರುವ ಹೇನು, ಹಿಟ್ಟುತಿಗಣೆಗಳು ವಿಸರ್ಜಿಸುವ ಸಕ್ಕರೆ ದ್ರವ. ಅದಕ್ಕೆ ದೂಳು ಕೂತರೆ ಬರಿ ನೀರಿಗೆ ಜಗ್ಗುವುದಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ, ಒಣಗಿದಷ್ಟೂ ಗಟ್ಟಿ ಹಿಡಿಯುತ್ತದೆ.

ಇವೆಲ್ಲ ಹೊರಗಿನ ಕತೆ. ಜನ ಮರೆಯುವುದು ಗಾಜಿನ ಒಳಮೈಯನ್ನು.

ಹೊಸ ಕಾರು ಕೊಂಡವರು ಅದರ ‘ಹೊಸ ವಾಸನೆ’ಯನ್ನು ಮೆಚ್ಚಿಕೊಳ್ಳುತ್ತಾರೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಸೀಟಿನ ರೆಕ್ಸಿನ್, ಅಂಟುಗಳಿಂದ ಆವಿಯಾಗಿ ಹೊರಬರುವ ರಾಸಾಯನಿಕಗಳು ಆ ವಾಸನೆಯ ಮೂಲ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸುವ ಪ್ಲಾಸ್ಟಿಸೈಸರ್‌ಗಳು ಬಿಸಿಲಲ್ಲಿ ನಿಂತ ಕಾರಿನೊಳಗೆ ಆವಿಯಾಗಿ, ತಣ್ಣನೆಯ ಗಾಜಿಗೆ ತಾಗಿದಾಗ ಅಲ್ಲೇ ಕೂರುತ್ತವೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೆ ಹತ್ತುವ ಜಿಡ್ಡಿನಂತೆ ಇದೂ ದಿನದಿನಕ್ಕೆ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಉಸಿರಿನ ತೇವ, ಸಿಗರೇಟಿನ ಹೊಗೆ, ಊದುಬತ್ತಿ, ಡ್ಯಾಶ್‌ಬೋರ್ಡಿಗೆ ಬಳಿಯುವ ಪಾಲಿಶ್ ಎಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕವಿಯುವುದಕ್ಕೂ ಈ ಪದರ ಕುಮ್ಮಕ್ಕು ಕೊಡುತ್ತದೆ. ಶುದ್ಧ ಗಾಜಿನ ಮೇಲೆ ತೇವ ತೆಳುವಾಗಿ ಹರಡಿಕೊಳ್ಳುತ್ತದೆ, ಜಿಡ್ಡಿನ ಮೇಲೆ ಕೋಟಿ ಪುಟ್ಟ ಹನಿಗಳಾಗಿ ನಿಂತು ದಾರಿ ಮರೆಮಾಡುತ್ತದೆ. ಸರ್ವಿಸ್ ಸೆಂಟರ್‌ನಿಂದ ಫೋಮ್ ವಾಶ್ ಆಗಿ ಬಂದ ಕಾರು ಹೊರಗೆಲ್ಲ ಥಳಥಳಿಸುತ್ತಿದ್ದರೂ ರಾತ್ರಿ ಓಡಿಸುವಾಗ ಮಂಕಾಗಿಯೇ ಕಾಣುವುದು ಈ ಕಾರಣಕ್ಕೆ.

ಇನ್ನು ಒರೆಸುವ ರೀತಿ. ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರ. ಕಾರಿನ ಸೀಟಿನಡಿ ಒಂದು ಹಳದಿ ಬಟ್ಟೆ ಇದ್ದೇ ಇರುತ್ತದೆ. ಒಣ ಗಾಜಿನ ಮೇಲೆ ಆ ಒಣ ಬಟ್ಟೆಯನ್ನು ನಾಲ್ಕು ಸಲ ಗರಗರ ತಿರುಗಿಸಿದರೆ ಕೆಲಸ ಮುಗಿಯಿತು. ಗಾಜಿಗೆ ಇದಕ್ಕಿಂತ ಕೆಟ್ಟ ಉಪಚಾರವಿಲ್ಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸಾಮಾನ್ಯ ಗಾಜಿನ ಗಡಸುತನ ಐದೂವರೆಯ ಆಸುಪಾಸು. ರಸ್ತೆಯ ದೂಳಿನಲ್ಲಿ ಹೇರಳವಾಗಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಸ್, 7. ಹೆಚ್ಚು ಗಡಸಾದದ್ದು ಕಡಿಮೆ ಗಡಸಾದದ್ದನ್ನು ಗೀರುತ್ತದೆ. ಒಣ ಬಟ್ಟೆ ದೂಳನ್ನು ತೆಗೆಯುವುದಿಲ್ಲ, ಗಾಜಿನ ಮೇಲೆ ಉಜ್ಜುತ್ತದೆ. ಒಣ ಗಾಜಿನ ಮೇಲೆ ವೈಪರ್ ಹಾಕುವುದೂ ಅದೇ ತಪ್ಪು. ಹಳೆಯ ಕಾರುಗಳ ಗಾಜಿನಲ್ಲಿ ಚಾಲಕನ ಎದುರಿಗೇ ಕಾಣುವ ಕಮಾನಿನಾಕಾರದ ಗೀರುಗಳು ಇಂಥ ಅವಸರದ ಬೆಳಗುಗಳ ಗಳಿಕೆ. ಒಮ್ಮೆ ಬಿದ್ದ ಆಳವಾದ ಗೀರು ಯಾವ ದ್ರಾವಣದಿಂದಲೂ ಹೋಗುವುದಿಲ್ಲ. ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡುವವರಿದ್ದಾರೆ. ಕೈ ಹದ ತಪ್ಪಿದರೆ ಗಾಜು ಅಲ್ಲಲ್ಲಿ ತಗ್ಗಾಗಿ ರಸ್ತೆಯೇ ಅಲೆಅಲೆಯಾಗಿ ಕಾಣತೊಡಗುತ್ತದೆ.

ವರ್ಷಕ್ಕೊಮ್ಮೆಯಾದರೂ ಕರ್ನಾಟಕದ ಕಾರುಗಳೆಲ್ಲ ಮೈತೊಳೆದುಕೊಳ್ಳುವ ದಿನವೊಂದಿದೆ: ಆಯುಧಪೂಜೆ. ಅಂದು ಬೆಳಿಗ್ಗೆ ಬೀದಿಬೀದಿಯಲ್ಲಿ ಪೈಪು, ಬಕೆಟ್, ನೊರೆ. ತೊಳೆದು ಒಣಗುವುದೇ ತಡ, ಅದೇ ಗಾಜಿಗೆ ಮೂರು ಬೆರಳಿನ ವಿಭೂತಿ, ಗಂಧ, ಕುಂಕುಮ. ಬಾನೆಟ್ಟಿನ ಎರಡೂ ಬದಿಗೆ ಬಾಳೆಕಂದು, ಅಡ್ಡಕ್ಕೆ ಸೇವಂತಿಗೆ ಹಾರ. ಪೂಜೆ ಬೇಡವೆಂದು ಹೇಳುವ ಮಾತಲ್ಲ ಇದು. ಚಾಲಕನ ಕಣ್ಣಿನ ನೇರವನ್ನು ಬಿಟ್ಟು ಬಾನೆಟ್ಟಿಗೋ ನಂಬರ್ ಪ್ಲೇಟಿನ ಮೇಲುಭಾಗಕ್ಕೋ ಹಚ್ಚಿದರೆ ದೇವರಿಗೇನೂ ಕಡಿಮೆಯಾಗದು. ಗಾಜಿಗೇ ಹಚ್ಚಿದ್ದರೆ ಮರುದಿನ ಒಣಬಟ್ಟೆಯಲ್ಲಿ ಉಜ್ಜಬಾರದು. ಸಗಣಿ ಸುಟ್ಟು ಮಾಡಿದ ವಿಭೂತಿಯಲ್ಲಿ ಸಿಲಿಕಾ ಇರುತ್ತದೆ, ಗೀರಲು ಅಷ್ಟು ಸಾಕು. ಕೃತಕ ಬಣ್ಣದ ಕುಂಕುಮ ಒದ್ದೆಯಾದರೆ ಅಂಚಿನ ರಬ್ಬರ್ ಬೀಡಿಂಗಿಗೆ, ವೈಪರಿಗೆ ಹತ್ತಿಕೊಳ್ಳುತ್ತದೆ. ಮೊದಲು ನೀರು ಸುರಿದು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸುವುದು ಸರಿ.

ಮನೆಯಲ್ಲಿ ಗಾಜು ಶುಚಿ ಮಾಡುವ ಸರಿಯಾದ ಕ್ರಮದಲ್ಲಿ ಗುಟ್ಟೇನೂ ಇಲ್ಲ, ಸರದಿ ಮಾತ್ರ ಮುಖ್ಯ. ಕಾರು ನೆರಳಲ್ಲಿರಬೇಕು, ಗಾಜು ತಣ್ಣಗಿರಬೇಕು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಿದರೆ ಮೊದಲೇ ಕಲ್ಲು ಸಿಡಿದು ಆದ ಸಣ್ಣ ಚುಕ್ಕೆಯೊಂದು ಉದ್ದನೆಯ ಬಿರುಕಾಗಬಹುದು. ಸಾಬೂನು ನೀರೂ ಒರೆಸುವ ಮೊದಲೇ ಒಣಗಿ ಕಲೆಯಾಗುತ್ತದೆ. ಮೊದಲ ಕೆಲಸ ವೈಪರ್ ಕಡ್ಡಿಗಳನ್ನು ಎತ್ತಿ ನಿಲ್ಲಿಸಿ, ಗಾಜಿನ ಬುಡದಲ್ಲಿ ಸಿಕ್ಕಿಕೊಂಡ ಎಲೆ, ಕಡ್ಡಿ, ಹೂವನ್ನು ಕೈಯಿಂದ ತೆಗೆಯುವುದು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದು ಚೊಂಬು ನೀರು ನಿಧಾನವಾಗಿ ಹುಯ್ದರೆ ಮರಳು ಮಣ್ಣಿನ ಬಹುಪಾಲು ತಾನೇ ಇಳಿದುಹೋಗುತ್ತದೆ. ಒಣಗಿದ ಹಿಕ್ಕೆ, ಹುಳದ ಕಲೆ ಇದ್ದಲ್ಲಿ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಕೆರೆಯುವ ಕಷ್ಟವಿಲ್ಲ.

ಅನಂತರ ಅರ್ಧ ಬಕೆಟ್ ನೀರಿಗೆ ಕೆಲವೇ ಹನಿ ಕಾರ್ ಶಾಂಪೂ. ಬಟ್ಟೆ ಒಗೆಯುವ ಪುಡಿ ಬೇಡ. ಅದರಲ್ಲಿರುವ ಸೋಡಾ ಬಣ್ಣದ ಮೇಲಿನ ಮೇಣದ ಪದರವನ್ನು ಕಿತ್ತುಹಾಕುತ್ತದೆ, ಸರಿಯಾಗಿ ಕರಗದಿದ್ದರೆ ಗಾಜಿನ ಮೇಲೆ ಬಿಳಿ ಪುಡಿ ಉಳಿಸುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ ನೇರ ಗೆರೆಯಲ್ಲಿ, ಗಾಜಿನ ಮೂಲೆ ಮೂಲೆಗೂ ಎಳೆಯಬೇಕು. ಮತ್ತೊಂದು ಚೊಂಬು ನೀರು ಹುಯ್ದು, ಎರಡನೆಯ ಒಣ ಬಟ್ಟೆಯಿಂದ ತಡಮಾಡದೆ ಒರೆಸಬೇಕು. ಕಾರುಗಳನ್ನು ತೊಳೆದು ಪಳಗಿದವರು ಒಂದು ಉಪಾಯ ಮಾಡುತ್ತಾರೆ: ಹೊರಗಿನ ಗಾಜನ್ನು ಮೇಲಿಂದ ಕೆಳಕ್ಕೆ, ಒಳಗಿನದನ್ನು ಎಡದಿಂದ ಬಲಕ್ಕೆ ಒರೆಸುತ್ತಾರೆ. ಕೊನೆಗೆ ಗೆರೆ ಉಳಿದರೆ ಅದು ಯಾವ ಬದಿಯದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಒಳಮೈಗೆ ನೀರು ಸುರಿಯುವಂತಿಲ್ಲ. ಜಿಡ್ಡಿಗೆ ಬೇಕಾದದ್ದು ಬೇಗ ಆರುವ ದ್ರವ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಚಿಮುಕಿಸಿಕೊಂಡು ಒರೆಸಿದರೆ ಪದರ ಬಿಡುತ್ತದೆ. ಬಾಗಿಲು ತೆರೆದಿಟ್ಟುಕೊಂಡು, ಬೆಂಕಿಯಿಂದ ದೂರವಿದ್ದು ಮಾಡಬೇಕಾದ ಕೆಲಸ. ಗಾಜಿಗೇ ಸಿಂಪಡಿಸಿದರೆ ಹನಿಗಳು ಡ್ಯಾಶ್‌ಬೋರ್ಡಿಗೂ ಟಚ್ ಸ್ಕ್ರೀನಿಗೂ ಹಾರುತ್ತವೆ. ಮೊದಲ ಸಲ ಒರೆಸಿದ ಬಟ್ಟೆಯಲ್ಲಿ ಕಾಣುವ ಕಂದು ಬಣ್ಣ ನೋಡಿದರೆ ಇಷ್ಟು ದಿನ ಯಾವುದರ ಮೂಲಕ ರಸ್ತೆ ನೋಡಲಾಗುತ್ತಿತ್ತೆಂದು ತಿಳಿಯುತ್ತದೆ. ಅಮೋನಿಯ ಬೆರೆತ ಕ್ಲೀನರ್‌ಗಳು ಮನೆಯ ಕಿಟಕಿಗೆ ಸರಿ, ಫಿಲ್ಮ್ ಅಂಟಿಸಿದ ಕಾರಿನ ಗಾಜಿಗೆ ಅಲ್ಲ. ಹಿಂದಿನ ಗಾಜಿನ ಒಳಗೆ ಎಳೆದಂತಿರುವ ಕಂದು ಗೆರೆಗಳು ಮಂಜು ಕರಗಿಸುವ ಹೀಟರ್ ತಂತಿಗಳು. ಅಲ್ಲಿ ಗೆರೆಯ ಜಾಡಿನಲ್ಲೇ ಮೆಲ್ಲಗೆ ಒರೆಸಬೇಕು, ಬ್ಲೇಡು ತಾಗಿಸಲೇಬಾರದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯ ಕಾರುಗಳಿಗೆ ಇನ್ನೊಂದು ಕಾಟವಿದೆ. ಆಳದ ಬೋರ್‌ವೆಲ್ಲಿನ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಒಂದು ಲೀಟರಿನಲ್ಲಿ 200 ಮಿ.ಗ್ರಾಂ.ವರೆಗಿನ ಗಡಸುತನ ಒಪ್ಪತಕ್ಕದ್ದು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಇಂಥ ನೀರು ಗಾಜಿನ ಮೇಲೆ ಆರಿದಾಗ ಉಳಿಯುವ ಬಿಳಿ ಬಳೆಗಳು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಜಾತಿ. ಎಷ್ಟು ಶಾಂಪೂ ಹಾಕಿದರೂ ಅದು ಕರಗುವುದಿಲ್ಲ, ಹುಳಿಗೆ ಕರಗುತ್ತದೆ. ಅಂಗಡಿಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದ್ದಿ ಕಲೆಯ ಮೇಲೆ ಐದು ನಿಮಿಷ ಇಟ್ಟು ಒರೆಸಿ, ಮತ್ತೆ ನೀರಿನಲ್ಲಿ ತೊಳೆದರೆ ಸಾಕು. ಬಾನೆಟ್ಟಿನ ಬಣ್ಣದ ಮೇಲೆ ಅದು ಹರಿಯದಂತೆ ನೋಡಿಕೊಳ್ಳಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ಬೆಂದು ಗಾಜನ್ನೇ ತಿಂದ ಕಲೆಗಳು ಮಾತ್ರ ವಿನೆಗರಿಗೂ ಹೋಗವು. ಗಡಸು ನೀರಿನ ಊರಿನಲ್ಲಿ ಕೊನೆಯ ಚೊಂಬಿಗೆ ಹಿಡಿದಿಟ್ಟ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಾಜು ಶುಚಿಯಾಗಿ ವೈಪರ್ ಕೊಳೆಯಾಗಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಒದ್ದೆ ಬಟ್ಟೆಯನ್ನು ವೈಪರಿನ ರಬ್ಬರ್ ಅಂಚಿಗೆ ಹಿಡಿದು ಉದ್ದಕ್ಕೆ ಎಳೆದರೆ ಕಪ್ಪು ಮಸಿ ಬರುತ್ತದೆ. ಮಸಿ ನಿಲ್ಲುವವರೆಗೂ ಎಳೆಯಬೇಕು. ನಮ್ಮ ಬಿಸಿಲಿಗೆ ರಬ್ಬರ್ ವರ್ಷದೊಳಗೇ ಗಟ್ಟಿಯಾಗಿ ಬಿರಿಯುತ್ತದೆ. ಹಾಗಾಗಿ ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲೇ ಬದಲಿಸಿಕೊಂಡರೆ ಮೊದಲ ಜೋರುಮಳೆಯಲ್ಲಿ ಪೇಚಾಡಬೇಕಿಲ್ಲ. ಗಾಜಿಗೆ ನೀರು ಚಿಮ್ಮಿಸುವ ತೊಟ್ಟಿ ಬಾನೆಟ್ಟಿನಡಿ ಇದೆ ಎಂಬುದೇ ಕೆಲವರಿಗೆ ನೆನಪಿರುವುದಿಲ್ಲ. ಅದನ್ನು ತುಂಬಿಸಿಟ್ಟುಕೊಳ್ಳಬೇಕು, ಸೋಪಿನ ಪುಡಿ ಹಾಕಿ ನಳಿಕೆ ಕಟ್ಟಿಸಿಕೊಳ್ಳಬಾರದು. ಈಚಿನ ಕಾರುಗಳಲ್ಲಿ ಲೇನ್ ಗುರುತಿಸುವ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ ಕ್ಯಾಮೆರಾ ಒಳಗನ್ನಡಿಯ ಹಿಂದೆ, ಇದೇ ಗಾಜಿಗೆ ಅಂಟಿಕೊಂಡಿರುತ್ತದೆ. ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಕೊಂಡ ಆ ಕಣ್ಣಿಗೂ ಕೊಳೆ ಕವಿದರೆ ಏನೂ ಕಾಣುವುದಿಲ್ಲ.

ಮನೆಮದ್ದುಗಳಲ್ಲೂ ಜೊಳ್ಳು ಕಾಳು ಬೇರೆ ಮಾಡಬೇಕು. ಲಾರಿ ಚಾಲಕರ ಹಳೆಯ ಉಪಾಯವೊಂದು ಪ್ರಸಿದ್ಧ: ಮಳೆಯಲ್ಲಿ ವೈಪರ್ ಕೈಕೊಟ್ಟರೆ ಬೀಡಿಯ ಹೊಗೆಸೊಪ್ಪನ್ನೋ ಕತ್ತರಿಸಿದ ಆಲೂಗಡ್ಡೆಯನ್ನೋ ಗಾಜಿಗೆ ತಿಕ್ಕುವುದು. ಇದು ಮೂಢನಂಬಿಕೆಯಲ್ಲ. ಆ ರಸ ಹಚ್ಚಿದಾಗ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿ ಇಳಿಯುತ್ತದೆ, ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಆದರೆ ಅದು ಊರು ಮುಟ್ಟುವವರೆಗಿನ ಆಪತ್ತಿನ ಉಪಾಯ, ಶುಚಿ ಮಾಡುವ ವಿಧಾನವಲ್ಲ. ಸೀಮೆಎಣ್ಣೆ, ಡೀಸೆಲ್ ಸವರಿ ಹೊಳಪು ತರಿಸುವುದು ಜಿಡ್ಡಿನ ಮೇಲೆ ಇನ್ನೊಂದು ಜಿಡ್ಡು. ಕೊರೊನಾ ಕಾಲದಲ್ಲಿ ಕೊಂಡು ಉಳಿದ ಸ್ಯಾನಿಟೈಸರ್ ಬಳಸುವವರಿದ್ದಾರೆ. ಆಲ್ಕೋಹಾಲಿನ ಜೊತೆ ಕೈ ಒಣಗದಿರಲೆಂದು ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ. ಆಲ್ಕೋಹಾಲ್ ಆರಿಹೋಗಿ ಗ್ಲಿಸರಿನ್ ಗಾಜಿಗೇ ಉಳಿಯುತ್ತದೆ. ಹಳೆಯ ಪತ್ರಿಕೆಯ ವಿಷಯಕ್ಕೆ ಬಂದರೆ, ಈ ಪುಟವೂ ನಾಳೆ ಯಾರದೋ ಕಾರಿನ ಗಾಜು ಒರೆಸಬಹುದು. ಅದಕ್ಕೆ ಪತ್ರಿಕೆಯವರ ಅಡ್ಡಿಯಿಲ್ಲ. ನ್ಯೂಸ್‌ಪ್ರಿಂಟ್ ನೂಲು ಬಿಡುವುದಿಲ್ಲ, ತೇವ ಹೀರುತ್ತದೆ. ಮಣ್ಣೆಲ್ಲ ತೊಳೆದುಹೋದ ಮೇಲೆ ಕೊನೆಯ ಒರೆತಕ್ಕೆ ಅದು ಆದೀತು. ಆದರೆ ಶಾಯಿ ಅಂಚಿನ ಪ್ಲಾಸ್ಟಿಕ್ಕಿಗೂ ಕೈಗೂ ಹತ್ತುತ್ತದೆ. ನೂರಿನ್ನೂರು ರೂಪಾಯಿಯ ಮೈಕ್ರೋಫೈಬರ್ ಬಟ್ಟೆ ಅದಕ್ಕಿಂತ ಮೇಲು. ಆ ಬಟ್ಟೆಯನ್ನು ಒಗೆಯುವಾಗ ಪರಿಮಳದ ಕಂಡೀಷನರ್ ಮಾತ್ರ ಹಾಕಬಾರದು. ಹಾಕಿದರೆ ಬಟ್ಟೆಯೇ ಗಾಜಿಗೆ ಜಿಡ್ಡು ಬಳಿಯುತ್ತದೆ.

ಇದೆಲ್ಲ ಓದಿ ‘ನಮ್ಮ ಕಾರು ದಿನಾ ತೊಳೆಯುವವರಿದ್ದಾರೆ’ ಎನ್ನುವವರು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೇಕಾದಷ್ಟು. ಬೆಳಗಿನ ಜಾವ ಬೇಸ್‌ಮೆಂಟಿನಲ್ಲಿ ಒಬ್ಬ ಮನುಷ್ಯ, ಒಂದು ಬಕೆಟ್, ಒಂದು ಬಟ್ಟೆ, ಸಾಲುಸಾಲು ಕಾರು. ಏಳು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಐದನೆಯ ಕಾರಿಗೆ ಬರುವಷ್ಟರಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ನಾಲ್ಕು ಕಾರುಗಳ ಮರಳು ಐದನೆಯದರ ಗಾಜಿನ ಮೇಲೆ ಉಜ್ಜಿಕೊಳ್ಳುತ್ತದೆ. ತಪ್ಪು ಆ ಕೆಲಸಗಾರನದಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು, ನೀರಿಗೂ ಬಟ್ಟೆಗೂ ಅವನನ್ನೇ ಹೊಣೆ ಮಾಡಿದವರದು. ಪ್ರತಿ ಮನೆಯವರು ತಮ್ಮ ಕಾರಿಗೆಂದೇ ಎರಡು ಬಟ್ಟೆ ಕೊಟ್ಟು, ಗಾಜನ್ನು ಒರೆಸುವ ಮೊದಲು ಶುದ್ಧ ನೀರು ಹುಯ್ಯಲು ಹೇಳಿದರೆ ಸಂಗತಿ ಅರ್ಧ ಸರಿಹೋಗುತ್ತದೆ. ಅವನು ಮುಟ್ಟದ ಒಳಮೈಯನ್ನು ವಾರಕ್ಕೊಮ್ಮೆ ಕಾರಿನವರೇ ಒರೆಸಿಕೊಂಡರೆ ಇನ್ನರ್ಧ.

ನೀರಿನ ಮಾತು ಬಂದಾಗ ಬೆಂಗಳೂರಿನವರಿಗೆ 2024ರ ಬೇಸಿಗೆ ನೆನಪಾಗದಿರದು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. 2025ರ ಫೆಬ್ರುವರಿಯಲ್ಲಿ ಆ ಆದೇಶ ಮತ್ತೆ ಬಂತು. ಆದೇಶ ಸರಿಯಾಗಿಯೇ ಇತ್ತು. ಪೈಪು ಹಿಡಿದು ಕಾರಿನ ಚಕ್ರಕ್ಕೂ ಡಾಂಬರಿಗೂ ಕಾವೇರಿ ನೀರು ಹರಿಸುವುದನ್ನು ಯಾರೂ ಸಮರ್ಥಿಸಲಾಗದು. ಆದರೆ ಕಾರು ತೊಳೆಯುವುದೇ ಬೇರೆ, ಗಾಜು ತೊಳೆಯುವುದೇ ಬೇರೆ. ಬಣ್ಣದ ಮೇಲೆ ಒಂದು ತಿಂಗಳ ದೂಳು ಕೂತರೂ ಯಾರ ಜೀವಕ್ಕೂ ಅಪಾಯವಿಲ್ಲ. ಗಾಜಿನ ಮೇಲೆ ಕೂತರೆ ಇದೆ. ಬರದ ದಿನಗಳಲ್ಲಿ ಮೈ ತೊಳೆಯುವುದನ್ನು ಬಿಟ್ಟು ಗಾಜು, ಕನ್ನಡಿ, ದೀಪಗಳನ್ನಷ್ಟೇ ಶುಚಿಯಾಗಿಟ್ಟುಕೊಳ್ಳಬಹುದು. ಅದಕ್ಕೆ ಅಕ್ಕಿ ತೊಳೆದ ನೀರು ಬೇಡ, ಅದರ ಗಂಜಿ ಗಾಜಿಗೆ ಹತ್ತುತ್ತದೆ. ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟರೆ ಅದರಲ್ಲಿ ಸುಣ್ಣದ ಅಂಶವಿರುವುದಿಲ್ಲ, ಗಾಜಿಗೆ ಹೇಳಿ ಮಾಡಿಸಿದ್ದು.

ಕಾಣಿಸುವುದಕ್ಕೆ ಬೆಲೆ ಕಟ್ಟದಿರುವ ಚಾಳಿ ಇಂದಿನದಲ್ಲ. ವೈಪರಿಗೆ ಪೇಟೆಂಟ್ ಪಡೆದ ಅಮೆರಿಕದ ಅಲಬಾಮಾದ ಮೇರಿ ಆ್ಯಂಡರ್ಸನ್ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೀಳುವ ಚಳಿಯಲ್ಲಿ ಟ್ರಾಮ್ ಚಾಲಕ ದಾರಿ ಕಾಣದೆ ಎದುರಿನ ಕಿಟಕಿಯನ್ನೇ ತೆರೆದು ಓಡಿಸುತ್ತಿದ್ದುದನ್ನು ನೋಡಿದರು. ಒಳಗೆ ಕೂತು ಹಿಡಿಕೆ ತಿರುಗಿಸಿದರೆ ಹೊರಗೆ ರಬ್ಬರ್ ಪಟ್ಟಿ ಗಾಜನ್ನು ಒರೆಸುವ ಸಾಧನ ರೂಪಿಸಿ 1903ರ ನವೆಂಬರ್‌ನಲ್ಲಿ ಪೇಟೆಂಟ್ ಪಡೆದರು. ಅದನ್ನು ಮಾರಲು ಹೋದಾಗ ಕೆನಡಾದ ಕಂಪನಿಯೊಂದು, ಇದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ವಾಪಸ್ ಕಳಿಸಿತು. ಪೇಟೆಂಟಿನ ಅವಧಿ ಮುಗಿಯುವವರೆಗೂ ಅದರಿಂದ ಅವರಿಗೆ ಹಣ ಬರಲಿಲ್ಲ. ಆಮೇಲೆ ವೈಪರ್ ಇಲ್ಲದ ಕಾರೇ ಇಲ್ಲವಾಯಿತು.

ಬ್ರಿಟನ್‌ನಲ್ಲಿ ಗಾಜಿನ ಶುಚಿ ಕಾನೂನಿನೊಳಗೇ ಇದೆ. ಅಲ್ಲಿನ ಹೆದ್ದಾರಿ ಸಂಹಿತೆ ಗಾಜನ್ನು ಶುಚಿಯಾಗಿ, ನೋಟಕ್ಕೆ ಅಡ್ಡಿಯಿಲ್ಲದಂತೆ ಇಟ್ಟುಕೊಳ್ಳಲೇಬೇಕು ಎನ್ನುತ್ತದೆ. ಮೂರು ವರ್ಷ ದಾಟಿದ ಖಾಸಗಿ ಕಾರುಗಳಿಗೆ ವರ್ಷವರ್ಷವೂ ನಡೆಯುವ ತಪಾಸಣೆಯಲ್ಲಿ ಸ್ಟೀರಿಂಗಿನ ನೇರಕ್ಕೆ 290 ಮಿ.ಮೀ. ಅಗಲದ ಪಟ್ಟಿಯನ್ನು ಗುರುತಿಸಿ, ವೈಪರ್ ಒರೆಸುವ ಆ ಜಾಗದಲ್ಲಿ 10 ಮಿ.ಮೀ. ಮೀರಿದ ಹಾನಿ ಅಥವಾ ಅಡ್ಡಿ ಇದ್ದರೆ ಕಾರನ್ನು ಫೇಲು ಮಾಡುತ್ತಾರೆ. ಇಲ್ಲಿ ಅದೇ ಪಟ್ಟಿಯಲ್ಲಿ ಫಾಸ್ಟ್ಯಾಗ್, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕರ್, ಹಳೆಯ ಆಫೀಸಿನ ಸ್ಟಿಕರ್, ‘ಪ್ರೆಸ್’, ದೇವರ ಪಟ, ಕನ್ನಡಿಗೆ ತೂಗುಹಾಕಿದ ಗೊಂಬೆ ಎಲ್ಲಕ್ಕೂ ಜಾಗವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ನವೀಕರಣವಾಗುವವರೆಗೆ ಅದರ ಗಾಜನ್ನು ಯಾರೂ ಕಡ್ಡಾಯವಾಗಿ ನೋಡುವುದೂ ಇಲ್ಲ.

ದಂಡ ಹಾಕುವ ಇನ್ನೊಂದು ಕಲಂ ಬೇಕೆಂದು ಯಾರೂ ಕೇಳಬೇಕಿಲ್ಲ. ದೂಳಿನ ರಾಜ್ಯದಲ್ಲಿ ಕೊಳೆ ಗಾಜಿಗೆ ದಂಡ ಶುರುವಾದರೆ ಅದು ರಸ್ತೆಬದಿಯ ವಸೂಲಿಗೆ ಹೊಸ ದಾರಿಯಾಗುವ ಭಯವೇ ಹೆಚ್ಚು. ಸುಲಭದ ಕೆಲಸಗಳು ಬೇರೆ ಇವೆ. ಡ್ರೈವಿಂಗ್ ಶಾಲೆಗಳು ಕ್ಲಚ್ಚು, ಗೇರು ಕಲಿಸುವ ಮೊದಲ ದಿನವೇ ಗಾಜು, ಕನ್ನಡಿ, ವೈಪರ್ ನೋಡಿ ಹತ್ತುವುದನ್ನು ಕಲಿಸಬಹುದು. ಆರ್‌ಟಿಒ ಪರೀಕ್ಷೆಯಲ್ಲಿ ಅದಕ್ಕೊಂದು ಅಂಕವಿಡಬಹುದು. ಸರ್ವಿಸ್ ಸೆಂಟರ್‌ಗಳು ತಮ್ಮ ಪಟ್ಟಿಯಲ್ಲಿ ‘ಒಳಗಿನ ಗಾಜು’ ಎಂಬ ಸಾಲೊಂದನ್ನು ಸೇರಿಸಬಹುದು.

ಎಲ್ಲಕ್ಕಿಂತ ಬೇಗ ಆಗಬಹುದಾದದ್ದು ಪೆಟ್ರೋಲ್ ಬಂಕ್‌ಗಳಲ್ಲಿ. ತೈಲ ಕಂಪನಿಗಳ ನಿಯಮದಂತೆ ಬಂಕಿನಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಉಚಿತವಾಗಿ ಸಿಗಲೇಬೇಕು. ಅಮೆರಿಕ, ಯುರೋಪಿನ ಬಂಕ್‌ಗಳಲ್ಲಿ ಪಂಪಿನ ಪಕ್ಕದಲ್ಲೇ ಒಂದು ಸಣ್ಣ ಬಕೆಟ್, ಉದ್ದ ಹಿಡಿಯ ಸ್ಪಂಜು ಮತ್ತು ರಬ್ಬರ್ ಪಟ್ಟಿಯ ಒರೆಸುಗ ಇಟ್ಟಿರುತ್ತಾರೆ. ಟ್ಯಾಂಕ್ ತುಂಬುವ ಎರಡು ನಿಮಿಷದಲ್ಲಿ ಚಾಲಕನೇ ಇಳಿದು ಗಾಜು ಒರೆಸಿಕೊಂಡು ಹೋಗುತ್ತಾನೆ. ಉಚಿತ ಗಾಳಿಯ ಸಾಲಿಗೆ ಇದನ್ನೂ ಸೇರಿಸಲು ತೈಲ ಕಂಪನಿಗಳಿಗೆ ಹೊಸ ಕಾಯಿದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಬೆಂಗಳೂರು–ಮೈಸೂರು, ತುಮಕೂರು–ಹುಬ್ಬಳ್ಳಿಯಂಥ ಹೆದ್ದಾರಿಯ ಬಂಕ್‌ಗಳಿಂದ ಶುರು ಮಾಡಬಹುದು. ಬಕೆಟ್ಟಿನ ನೀರನ್ನು ದಿನಕ್ಕೆ ಎರಡು ಸಲವಾದರೂ ಬದಲಿಸುವ ಹೊಣೆಯನ್ನು ಅದೇ ಸುತ್ತೋಲೆಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಬೇಸ್‌ಮೆಂಟಿನ ಬಕೆಟ್ಟಿಗೂ ಬಂಕಿನ ಬಕೆಟ್ಟಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.